ಕಂಬಳಿಯ ಮುಂದಿನ ಮೆರವಣಿಗೆ

ನಮ್ಮವರಿಗೆ ಎರಡು ಕೆಟ್ಟ ಚಟಗಳಿದ್ದವು. ಒಂದು ನಶ್ಯ. ಇನ್ನೊಂದು, ತಮ್ಮ ಕೆಲಸದಲ್ಲಿ ತಪ್ಪೆಂಬುದೇ ಇಲ್ಲ ಎಂಬ ಹಮ್ಮು. ನಶ್ಯವನ್ನು ಮದುವೆಯಾದ ಮೂರನೇ ವರ್ಷಕ್ಕೆ ನಾನು ಬಿಡಿಸಿದೆ. ಎರಡನೆಯದರ ತಂಟೆಗೆ ಹೋಗಲಿಲ್ಲ. ಯಾಕೆಂದರೆ ಅವರ ಕೆಲಸ ನಿಜವಾಗಿಯೂ ಚೆನ್ನಾಗಿತ್ತು.

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಬೇಕಾದವರು ಆಳಂದ ಪೇಟೆಯ ಹಿಂದಿನ ಓಣಿಗೆ ಬಂದು ಬೋರ್ಡು ಓದಿಕೊಳ್ಳಬಹುದಿತ್ತು. ‘ಸೈದಪ್ಪ, ಫೋಟೋಗ್ರಾಫರ್’ ಎಂದು ಉರ್ದುವಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ ಬರೆದಿತ್ತು. ನಾನೀಗ ಬೋರ್ಡು ಓದಿದೆನಷ್ಟೇ, ಹೆಸರು ಹಿಡಿದು ಕರೆದಿಲ್ಲ.

ಅವರು ಅಂಗಳದಲ್ಲಿ ಕ್ಯಾಮೆರಾ ಹಿಡಿದರೆ, ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆಯುವುದು ನನ್ನ ಕೆಲಸ. ಅದು ಮೊದಲು ಜೋಳ ತುಂಬುವ ಕೋಣೆಯಾಗಿತ್ತು. ಕಿಟಕಿಗೆ ಕೆಂಪು ಗಾಜು ಹಾಕಿಸಿ, ಬಾಗಿಲಿಗೆ ಎರಡು ಪದರ ಪರದೆ ಬಿಟ್ಟು, ಜೋಳವನ್ನು ಅಡುಗೆಮನೆಗೆ ಅಟ್ಟಿದ್ದರು. ಪ್ಲೇಟು ಎಂದರೆ ಮಸಾಲೆ ಸವರಿದ ಗಾಜು. ಅದರ ಮೇಲೆ ಎಲ್ಲವೂ ತಿರುವುಮುರುವಾಗಿ ಬರುತ್ತದೆ: ಬಿಳಿ ಧೋತರ ಕಪ್ಪಗೆ, ಕಪ್ಪು ಕೂದಲು ಬೆಳ್ಳಗೆ. ಅದನ್ನು ಕಾಗದದ ಮೇಲೆ ಇಳಿಸಿದಾಗ ಮತ್ತೆ ನೆಟ್ಟಗಾಗುತ್ತದೆ. ಹತ್ತು ವರ್ಷ ಆ ಕೆಂಪು ಬೆಳಕಿನಲ್ಲಿ ಕುಳಿತು, ಊರಿನ ಅರ್ಧ ಜನರನ್ನು ಅವರ ಹೆಂಡಿರಿಗಿಂತ ಮೊದಲು ಮದುಮಗನ ವೇಷದಲ್ಲಿ ನೋಡಿದವಳು ನಾನು.

ನಲವತ್ತೆಂಟನೇ ಇಸವಿ ಜನವರಿ. ಗಡಿಯ ಹಿರೋಳ್ಳಿಯಿಂದ ಆಚೆ ಸ್ವಲ್ಪ ನಡೆದರೆ ಅಲ್ಲಿ ಸ್ವಾತಂತ್ರ್ಯ ಬಂದು ಐದು ತಿಂಗಳಾಗಿತ್ತು. ಈಚೆ ನಾವಿನ್ನೂ ನಿಜಾಮನ ಪ್ರಜೆಗಳು. ತ್ರಿವರ್ಣ ಧ್ವಜ ಹಿಡಿದರೆ ಜೈಲು, ಐದು ಜನ ಕೂಡಿದರೆ ಲಾಠಿ, ಹಳ್ಳಿಗಳಲ್ಲಿ ರಜಾಕಾರರ ಹಾವಳಿ. ಅದು ಸಾಲದೆಂಬಂತೆ ಒಂದು ದಿನ ಡಂಗುರ ಹೊಡೆಸಿದರು: ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಪ್ರಜೆಗಳು ಸುಖವಾಗಿದ್ದಾರೆ, ಹಿಂದೂಸ್ತಾನಕ್ಕೆ ಸೇರಬೇಕೆಂದು ಒಬ್ಬರೂ ಕೇಳಿಲ್ಲ.

ಅದನ್ನು ಕೇಳಿ ಮೈಯೆಲ್ಲ ಉರಿದು ಬಂದವನು ಚಮನಸಾಬ. ವಾರಕ್ಕೊಮ್ಮೆ ಗಡಿಯಾಚೆಗೆ ತೊಗರಿ ಹೇರಿಕೊಂಡು ಹೋಗುವ ಬಂಡಿಯವನು, ನಮ್ಮವರ ಹಳೇ ದೋಸ್ತ.

“ಕೇಳಿದ್ಯೇನೋ ಸೈದಪ್ಪ? ನಾವೆಲ್ಲ ಖುಷಿಯಾಗಿ ಅದೀವಂತ! ಯಾರೂ ಏನೂ ಕೇಳೇ ಇಲ್ಲಂತ!”

“ಕೇಳಾಕ ಕೂಡಬೇಕಲ್ಲೋ. ಕೂಡಿದ್ರ ಬೆನ್ನು ಮುರೀತಾರ,” ಎಂದರು ಇವರು.

“ಗಡಿ ಆಚೆ ಪತ್ರಿಕೆದವ್ರು ಒಂದು ಫೋಟೋ ಕೇಳಾಕತ್ತಾರ. ಮೆರವಣಿಗಿದು. ಬಾಯಿ ಮಾತು ಯಾರೂ ನಂಬೂದಿಲ್ಲಂತ.”

“ಮೆರವಣಿಗೀನ ಇಲ್ಲ, ಫೋಟೋ ಎಲ್ಲಿಂದ ತರ್ಲಿ? ನನ್ನ ತಲಿಯಿಂದ?”

ನಾನು ಒಳಗಿನಿಂದಲೇ ಅಂದೆ, “ಒಬ್ಬೊಬ್ರ ಬಂದ್ರ ಕಾನೂನು ಏನೂ ಅನ್ನೂದಿಲ್ಲಲ್ರಿ.”

 ನಮ್ಮವರು ಎದ್ದು ಗೋಡೆಗೆ ತೂಗುಬಿಟ್ಟಿದ್ದ ಕರಿ ಕಂಬಳಿಯನ್ನು ನೋಡುತ್ತ ನಿಂತರು. ಅವರಲ್ಲಿ ಒಂದು ಹಳೇ ಆಟವಿತ್ತು. ಕರಿ ಕಂಬಳಿಯ ಮುಂದೆ ಒಬ್ಬನನ್ನು ಎಡಕ್ಕೆ ಕೂರಿಸಿ ಒಮ್ಮೆ ತೆಗೆಯುವುದು, ಅದೇ ಪ್ಲೇಟಿನ ಮೇಲೆ ಅವನನ್ನೇ ಬಲಕ್ಕೆ ಕೂರಿಸಿ ಇನ್ನೊಮ್ಮೆ ತೆಗೆಯುವುದು. ಕರಿ ಬಣ್ಣದಿಂದ ಬೆಳಕು ಬರುವುದಿಲ್ಲವಾದ್ದರಿಂದ ಪ್ಲೇಟಿನ ಆ ಜಾಗ ಖಾಲಿ ಉಳಿದಿರುತ್ತದೆ. ಕಾಗದಕ್ಕೆ ಇಳಿಸಿದಾಗ ಆ ಪುಣ್ಯಾತ್ಮ ತನಗೆ ತಾನೇ ಚಹಾ ಕೊಡುತ್ತಿರುತ್ತಾನೆ. ಪೇಟೆಯ ಸಾಹುಕಾರರಿಗೆ ಅದು ಬಹಳ ಇಷ್ಟ.

“ಆಗದ ಮೆರವಣಿಗಿ ಆಗೇದಂತ ತೋರಸೂದು ಸುಳ್ಳಲ್ಲೇನು?” ಎಂದು ಇವರು ಗೊಣಗಿದರು.

“ಮಂದಿ ಬರೂದು ಖರೆ, ಕೈ ಎತ್ತೂದು ಖರೆ,” ಎಂದ ಚಮನಸಾಬ. “ಸುಳ್ಳು ಎಲ್ಲಿ ಬಂತು? ಕೂಡಾಕ ಬಿಡದವ್ರು ಅವ್ರು. ಕೂಡಿಸಾವ ನೀನು.”

ಆ ಮಾತು ನಮ್ಮವರಿಗೆ ನಾಟಿತು. ಮರುದಿನವೇ ಅಂಗಳದಲ್ಲಿ ಸುಣ್ಣದಿಂದ ಇಪ್ಪತ್ತಮೂರು ಗುರುತು ಹಾಕಿದರು. ಯಾವ ಜಾಗದಲ್ಲಿ ಯಾರು ನಿಲ್ಲಬೇಕು, ಯಾವ ಕಾಲು ಮುಂದೆ, ಯಾವ ಕೈ ಮೇಲೆ, ಎಲ್ಲವನ್ನೂ ಒಂದು ಕಾಗದದಲ್ಲಿ ಗೆರೆ ಎಳೆದಿಟ್ಟರು. ಕ್ಯಾಮೆರಾದ ಕಾಲುಗಳನ್ನು ಮಣ್ಣಲ್ಲಿ ಹೂತರು. ಒಂಬತ್ತು ದಿನ ಅದು ಕೂದಲೆಳೆಯಷ್ಟೂ ಅಲುಗುವಂತಿರಲಿಲ್ಲ, ಏಕೆಂದರೆ ಇಪ್ಪತ್ತಮೂರು ಜನರೂ ಒಂದೇ ಪ್ಲೇಟಿನ ಮೇಲೆ ಬರಬೇಕಿತ್ತು. ಕೊನೆಯವನು ಕೆಟ್ಟರೂ ಎಲ್ಲರೂ ಕೆಟ್ಟಂತೆ. ಆ ಒಂಬತ್ತು ದಿನ ಅವರು ಅನ್ನ ಉಂಡದ್ದಕ್ಕಿಂತ ನನ್ನನ್ನು ಬೈದದ್ದೇ ಹೆಚ್ಚು. ಅಂಗಳ ಕಸಗುಡಿಸಿದರೂ ಬೈಗುಳ, ಗುಡಿಸದಿದ್ದರೂ ಬೈಗುಳ.

ಜನ ಬಂದರು, ಒಬ್ಬೊಬ್ಬರೇ. ಮದುವೆಯ ಕಾಲ, ಫೋಟೋ ತೆಗೆಸಿಕೊಳ್ಳಲು ಬಂದವರನ್ನು ಯಾರು ಕೇಳುತ್ತಾರೆ? ಅಫಜಲಪುರ ಕಡೆಯ ಮಣ್ಣೂರಿನಿಂದ ಭೀಮಾ ನದಿಯ ಅಂಬಿಗ ಅಮೋಘಸಿದ್ದ ಬಂದ. ಎಡಗಿವಿಯ ಹಾಲೆ ಹರಿದ ಗಟ್ಟಿ ಆಳು. ಕೋಲು ಹಿಡಿಯಪ್ಪ ಎಂದರೆ ಕೇಳದೆ, ತಾನು ತಂದ ಹುಟ್ಟನ್ನೇ ಎತ್ತಿ ಹಿಡಿದ. ಜೇವರ್ಗಿಯಿಂದ ಮಲ್ಕಮ್ಮ ಎರಡು ದಿನದ ಹಾದಿ ಸವೆಸಿ ಬಂದು, ಕುಡುಗೋಲು ಎತ್ತಿ, ಕಣ್ಣು ಪಿಳುಕಿಸದೆ ನಿಂತು, ಒಂದು ತಂಬಿಗೆ ಮಜ್ಜಿಗೆ ಕುಡಿದು ಹಾಗೇ ತಿರುಗಿ ಹೋದಳು. ಧ್ವಜ ಇದ್ದದ್ದು ಒಂದೇ. ಅದು ನಿಂಬರ್ಗಾದ ಚಂದಪ್ಪನ ಕೈಗೆ ಹೋಯಿತು. ಅವನ ಗುರುತು ಮುಂದಿನ ಸಾಲಿನಲ್ಲಿತ್ತು. ಅವನ ಹಿಂದೆ ಒಂದು ಮಾರು ದೂರಕ್ಕೆ ಚಮನಸಾಬನ ಗುರುತು.

ಏಳನೇ ದಿನ ಚಂದಪ್ಪನ ತಮ್ಮನ ಹೆಂಡತಿ ನಿಂಬೆವ್ವ ಬಂದಳು. ಅವಳ ಗುರುತು ಚಂದಪ್ಪನದಕ್ಕಿಂತ ಒಂದು ಹೆಜ್ಜೆ ಮುಂದೆ, ಪಕ್ಕದಲ್ಲಿ. ನಮ್ಮವರು ತೋರಿಸಿದರು. ಅವಳು ಗುರುತಿನ ತನಕ ಬಂದು ಸೆರಗು ಎಳೆದುಕೊಂಡು ಹಿಂದೆ ಸರಿದಳು.

“ಮುಂದ ಬಾರಬೇ ತಂಗಿ, ಆ ಸುಣ್ಣದ ಮ್ಯಾಲ.”

“ಅಲ್ಲಿ ಬ್ಯಾಡ್ರಿ. ಭಾವನ ಮುಂದ ನಾ ಹೆಂಗ ನಿಲ್ಲಲಿ?”

“ಯಾವ ಭಾವ? ಅಲ್ಲಿ ಯಾರದಾರ?”

“ಮೊನ್ನೆ ಇಲ್ಲೇ ನಿಂತಿದ್ರಂತಲ್ರಿ.”

“ಅಂವ ಹೊಲದಾಗ ಅದಾನ! ಇಲ್ಲಿ ಬರೀ ಸುಣ್ಣ ಐತಿ!” ನಮ್ಮವರ ಧ್ವನಿ ಓಣಿಯ ತುದಿಗೆ ಮುಟ್ಟಿತು.

“ಫೋಟೋದಾಗ ಅವ್ರು ಇರ್ತಾರಲ್ರಿ,” ಎಂದಳು ನಿಂಬೆವ್ವ ಮೆಲ್ಲಗೆ. “ಮಂದಿ ನೋಡಿದ್ರ ಏನಂದಾರು?”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಂತೂ ಆಗಲಿಲ್ಲ. ನಮಗೆಲ್ಲ ಅದು ಸುಣ್ಣದ ಗುರುತು, ಅವಳೊಬ್ಬಳಿಗೆ ಅದು ಆಗಲೇ ಮೆರವಣಿಗೆ. ಅವಳು ಚಂದಪ್ಪ ನಿಂತಿದ್ದ ಖಾಲಿ ಜಾಗದ ಹಿಂದೆ ಒಂದು ಮಾರು ಸರಿದು, ಕೈ ಎತ್ತಿ, ಅಲ್ಲಿಂದ ಒಂದಿಂಚೂ ಕದಲಲಿಲ್ಲ. ನಮ್ಮವರು ತಲೆಯ ಮೇಲೆ ಕರಿ ಬಟ್ಟೆ ಎಳೆದುಕೊಂಡು ಏನೋ ಶಪಿಸುತ್ತ ಹಾಗೆಯೇ ತೆಗೆದರು.

ಹತ್ತನೇ ದಿನ ಬೆಳಿಗ್ಗೆ ನಾನು ಪ್ಲೇಟು ತೊಳೆದೆ.  ಮಧ್ಯಾಹ್ನ ಕಾಗದಕ್ಕೆ ಇಳಿಸಿದಾಗ ತಟ್ಟೆಯ ನೀರಿನಲ್ಲಿ ಮೊದಲು ಮಲ್ಕಮ್ಮನ ಕುಡುಗೋಲು ಬಂತು, ಆಮೇಲೆ ಧ್ವಜ, ಆಮೇಲೆ ಒಂದೊಂದೇ ಕೈ. ಇಪ್ಪತ್ತಮೂರು ಜನ, ಮೂರು ತಾಲೂಕಿನವರು, ಬಹಳ ಮಂದಿ ಒಬ್ಬರ ಮುಖ ಒಬ್ಬರು ನೋಡದವರು, ಹೆಗಲಿಗೆ ಹೆಗಲು ಕೊಟ್ಟು ನಡೆದು ಬರುತ್ತಿದ್ದರು. ನನಗೆ ಅಳು ಬಂತು. ನಮ್ಮವರಿಗೂ ಬಂದಿರಬೇಕು, ಆದರೆ ಬಾಯಿಂದ ಬಂದದ್ದು ಬೇರೆ.

“ನೋಡಿಲ್ಲಿ, ಆ ನಿಂಬೆವ್ವ ಚಮನಸಾಬನ ಮ್ಯಾಲ ಬಂದು ಕುಂತಾಳ!”

ನಿಜವೇ. ಅವಳು ಮರ್ಯಾದೆಗೆ ಸರಿದು ನಿಂತ ಜಾಗ ಚಮನಸಾಬನದು. ಗಡ್ಡದ ಮೇಲೆ ಮೂಗುತಿ, ಟೋಪಿಯ ಮೇಲೆ ಸೆರಗು, ಒಂದರ ಬದಲು ಎರಡು ಕೈ ಮೇಲಕ್ಕೆ ಎದ್ದಿದ್ದವು. ಚಮನಸಾಬ ನೋಡಿ ಬಿದ್ದು ಬಿದ್ದು ನಕ್ಕ. “ನಮ್ಮ ಮನ್ಯಾಗ ಇದನ್ನ ತೋರಸಬ್ಯಾಡ್ರಪ್ಪ,” ಎಂದ.

ನಗು ಇಳಿದ ಮೇಲೆ ಭಯ ಏರಿತು. ಮುಖಗಳು ಅಷ್ಟು ಸ್ವಚ್ಛವಾಗಿ ಬಂದಿದ್ದವು. ಆ ಚಿತ್ರ ಪತ್ರಿಕೆಯಲ್ಲಿ ಬಂದರೆ ಪೊಲೀಸರಿಗೆ ಊರೂರು ಹುಡುಕುವ ಕಷ್ಟವೇ ಇರಲಿಲ್ಲ.

“ಇದನ್ನ ಕಳಿಸಿದ್ರ ಇಪ್ಪತ್ಮೂರು ಮನಿ ಸುಡತಾವ,” ಎಂದರು ನಮ್ಮವರು. “ಯಾರಿಗೂ ಏನೂ ಆಗದಂಗ ನೋಡ್ಕೋತೇನಂತ ಒಬ್ಬೊಬ್ಬರಿಗೂ ಮಾತು ಕೊಟ್ಟೇನಿ.”

ಆಗ ನನಗೆ ನೆನಪಾದದ್ದು ನನ್ನ ಅಣ್ಣನ ಪ್ಲೇಟು. ಒಮ್ಮೆ ಒಣಗಲು ಇಟ್ಟಿದ್ದಾಗ, ಬೆಳ್ಳಗಿನ ಕೂದಲು, ಬೆಳ್ಳಗಿನ ಮೀಸೆ ಕಂಡು ಯಾವುದೋ ಮುದುಕ ಎಂದುಕೊಂಡಿದ್ದೆ. ಒಡಹುಟ್ಟಿದವಳಿಗೇ ಗುರುತು ಸಿಕ್ಕಿರಲಿಲ್ಲ.

“ಪ್ಲೇಟಿನಾಗ ಹೆಂಗ ಕಾಣತೈತಿ, ಕಾಗದದ ಮ್ಯಾಲೂ ಹಂಗ ತರ್ರಿ,” ಎಂದೆ.

“ತಿರುವುಮುರುವು?” ಅವರು ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. “ಇಪ್ಪತ್ತು ವರ್ಷ ನೆಟ್ಟಗ ಮಾಡಿ ಮಾಡಿ ಕೈ ಸವದೈತಿ. ಈಗ ಅಡ್ಡ ಮಾಡಂತೀದಿ?”

ಅಡ್ಡ ಮಾಡಿದರು. ಗಾಜಿನಿಂದ ಇನ್ನೊಂದು ಗಾಜಿಗೆ ಇಳಿಸಿ, ಆ ಗಾಜಿನಿಂದ ಕಾಗದಕ್ಕೆ ಇಳಿಸಿದರು. ಕರಿ ಕಂಬಳಿ ಉರಿಬಿಸಿಲಿನಂತೆ ಬೆಳ್ಳಗಾಯಿತು. ಅದರೊಳಗಿಂದ ಕರಿ ಧೋತರ, ಕರಿ ಸೀರೆ ಉಟ್ಟವರು ಬಂದರು. ಮುಖವೆಲ್ಲ ಬಿಳಿಚಿಕೊಂಡು, ಕೂದಲು ಹಣ್ಣಾಗಿ, ಕಣ್ಣಿನ ಜಾಗದಲ್ಲಿ ಬೆಳಕಿತ್ತು. ಯಾರೆಂದು ಹೇಳಲು ಅವರ ತಾಯಂದಿರಿಗೂ ಆಗುತ್ತಿರಲಿಲ್ಲ. ಆದರೆ ಅವರು ಬರುತ್ತಿದ್ದಾರೆ, ಬಿಡುವುದಿಲ್ಲ ಎಂಬುದು ಮಾತ್ರ ಯಾರಿಗಾದರೂ ಗೊತ್ತಾಗುತ್ತಿತ್ತು. ಮುಖ ಕಾಣುವ ಮೊದಲಿನ ಕಾಗದವನ್ನು ಒಲೆಗಿಟ್ಟು, ಎರಡೂ ಗಾಜುಗಳನ್ನು ಅಂದೇ ಒಡೆದು ಬಾವಿಗೆ ಹಾಕಿದೆವು. ತಿರುವುಮುರುವು ಕಾಗದವನ್ನು ಚಮನಸಾಬ ಎತ್ತುಗಳ ಮೇವಿನ ಕಣಿಕೆಯ ಕೆಳಗಿಟ್ಟು ಗಡಿ ದಾಟಿಸಿದ.

ಶಿವರಾತ್ರಿ ಕಳೆದ ಮೇಲೆ ಪತ್ರಿಕೆಯ ಒಂದು ಪ್ರತಿ ಬೆಲ್ಲದ ಪೆಂಟೆಗೆ ಸುತ್ತಿಕೊಂಡು ಬಂತು. ಮುಖಪುಟದಲ್ಲೇ ಹಾಕಿದ್ದರು. ಜನ ಮತ್ತೆ ಒಬ್ಬೊಬ್ಬರೇ ಬಂದು ನೋಡಿ ಹೋದರು. ತಾನೆಲ್ಲಿದ್ದೇನೆಂದು ಯಾರಿಗೂ ಖಾತ್ರಿಯಿರಲಿಲ್ಲ. ಆದ್ದರಿಂದ ಎಲ್ಲರಿಗಿಂತ ಚೆನ್ನಾಗಿ ಎದೆ ಸೆಟೆಸಿ ನಿಂತವನೇ ತಾನು ಎಂದು ಏಳೆಂಟು ಜನ ಹೇಳಿಕೊಂಡರು. ಆ ದಿನಗಳಷ್ಟು ಸುಖ ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಇರಲಿಲ್ಲ. ಡಂಗುರ ಸುಳ್ಳಾಗಿತ್ತು, ಮನೆಗಳು ಹಾಗೆಯೇ ಇದ್ದವು.

ಮೇ ತಿಂಗಳ ಒಂದು ಮಧ್ಯಾಹ್ನ ಪೊಲೀಸ್ ಅಮೀನ ಬಂದ. ಅವನ ಕೈಯಲ್ಲಿ ಆ ಪತ್ರಿಕೆಯಿಂದ ಕತ್ತರಿಸಿದ ಚಿತ್ರವಿತ್ತು.

“ಇದು ಉಲ್ಟಾ ತಸ್ವೀರ ಅಂತ ನನಗ ಗೊತ್ತಾಗೇದ,” ಎಂದ. “ಇದರ ಫೋಟೋ ತಗದ್ರ ಪ್ಲೇಟಿನಾಗ ಮುಖ ಸೀದಾ ಆಗತಾವಂತ. ಜಲ್ದಿ ಮಾಡು. ಮುಖ ನಾ ನೋಡ್ತೀನಿ. ಈ ತಾಲೂಕಿನ ಮಂದಿ ನನಗ ಪೂರಾ ಗುರುತು.”

ಆಳಂದದಲ್ಲಿ ಇದ್ದ ಫೋಟೋಗ್ರಾಫರ್ ಇವರೊಬ್ಬರೇ. ಆಗುವುದಿಲ್ಲ ಎಂದರೆ ಅದೇ ಗುಮಾನಿ. ಮಾಡಿದರೆ ಇಪ್ಪತ್ತಮೂರು ಜನ. ನಮ್ಮವರ ಮುಖ ಸುಣ್ಣವಾಯಿತು. ಆದರೆ ಚಿತ್ರವನ್ನು ಹಲಗೆಗೆ ಅಂಟಿಸಿ ಕ್ಯಾಮೆರಾ ಹತ್ತಿರ ತಂದಾಗ ಅವರ ಕೈ ತನ್ನ ಪಾಡಿಗೆ ಕೆಲಸ ಶುರು ಮಾಡಿತು. ಹಿಂದಕ್ಕೆ, ಮುಂದಕ್ಕೆ, ಇನ್ನೊಂದಿಷ್ಟು ಹಿಂದಕ್ಕೆ ಸರಿಸಿ, ಒಂದೊಂದು ಕೂದಲೆಳೆಯೂ ಸ್ವಚ್ಛ ಕಾಣುವವರೆಗೆ ಬಿಡಲಿಲ್ಲ. ಕೆಟ್ಟ ಕೆಲಸ ಮಾಡಲು ಆ ಕೈಗೆ ಬರುತ್ತಲೇ ಇರಲಿಲ್ಲ. ನೋಡಿ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

ನಮ್ಮ ಬೇಸಿಗೆಯಲ್ಲಿ ಪ್ಲೇಟು ತೊಳೆಯುವುದಕ್ಕೆ ಒಂದು ಕಟ್ಟುನಿಟ್ಟು ಇತ್ತು. ಗಾಜಿನ ಮೇಲಿನ ಮಸಾಲೆ ಬೆಚ್ಚಗಿನ ನೀರು ತಾಗಿದರೆ ಕರಗಿ ಜಾರಿಬಿಡುತ್ತದೆ. ಅದಕ್ಕೆ ಕೋಣೆಯ ಮೂಲೆಯಲ್ಲಿ ಒದ್ದೆ ಗೋಣಿತಟ್ಟು ಸುತ್ತಿದ ಎರಡು ಮಣ್ಣಿನ ಗಡಿಗೆ ಇಟ್ಟಿದ್ದೆವು. ಆ ನೀರೇ ಔಷಧಕ್ಕೆ, ಆ ನೀರೇ ತೊಳೆಯಲಿಕ್ಕೆ. ಅಂಗಳದಲ್ಲಿ ಬಿಸಿಲಿಗೆ ಒಂದು ತಾಮ್ರದ ಹಂಡೆ ಇರುತ್ತಿತ್ತು, ಸ್ನಾನಕ್ಕೆ. ಅವರು ಕ್ಯಾಮೆರಾದಲ್ಲಿ ಮುಳುಗಿದ್ದಾಗ, ಅಮೀನ ಅವರ ಹೆಗಲ ಮೇಲಿಂದ ಇಣುಕುತ್ತಿದ್ದಾಗ, ನಾನು ಹಂಡೆಯಿಂದ ಎರಡು ಕೊಡ ತುಂಬಿಕೊಂಡು ಒಳಗೆ ಹೋದೆ. ನೀರು ತರುವ ಹೆಂಗಸನ್ನು ಯಾರು ನೋಡುತ್ತಾರೆ? ಒಂದಕ್ಕೆ ಅರ್ಧ ತಣ್ಣೀರು ಬೆರೆಸಿದೆ, ತಟ್ಟೆ ಮುಟ್ಟಿದರೆ ಬಿಸಿ ಗೊತ್ತಾದೀತೆಂಬ ಅಂಜಿಕೆಯಿಂದ. ಅದನ್ನೇ ಔಷಧಕ್ಕೆ ಬೆರೆಸಿ ತಟ್ಟೆಗಳಿಗೆ ಹಾಕಿಟ್ಟೆ.

ಅಮೀನ ಒಳಗೆ ನಿಲ್ಲುತ್ತೇನೆಂದದ್ದರಿಂದ ಆ ದಿನ ತೊಳೆಯಲು ಅವರೇ ಕುಳಿತರು. ನಾನು ಪರದೆಯ ಹತ್ತಿರ ಕೊಡ ಹಿಡಿದು ನಿಂತೆ. ಪ್ಲೇಟು ಇಳಿಸಲು ತಟ್ಟೆಯಲ್ಲಿ ಬೆರಳು ಅದ್ದಿದ ಕೂಡಲೇ ಅವರ ಕೈ ನಿಂತಿತು. ಆ ಕೆಂಪು ಬೆಳಕಿನಲ್ಲಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಪ್ಲೇಟು ನೀರಿಗಿಳಿದ ಸಪ್ಪಳ ಕೇಳಿತು.

ಮುಖಗಳು ಬರತೊಡಗಿದವು, ನೆಟ್ಟಗೆ. ಕರಿ ಹಿನ್ನೆಲೆ, ಬಿಳಿ ಧೋತರ, ಎತ್ತಿದ ಹುಟ್ಟು. ಅಮೀನ ಬಗ್ಗಿದ.

“ಏ, ಇಂವನ್ನ ನಾ ಎಲ್ಲೋ ನೋಡೇನಿ. ಕಿವಿ ಹರದಾವ... ಎಲ್ಲಿ ನೋಡೇನಿ...”

 ಅಷ್ಟರಲ್ಲಿ ಪ್ಲೇಟಿನ ಅಂಚು ಮುದುಡಿತು. ಧ್ವಜ ಸೊಟ್ಟಗಾಯಿತು, ಮಲ್ಕಮ್ಮನ ಕುಡುಗೋಲು ಉದ್ದವಾಯಿತು, ಇಡೀ ಮೆರವಣಿಗೆ ಹಾಲಿನ ಕೆನೆಯಂತೆ ನೆರಿಗೆಗಟ್ಟಿ ಗಾಜಿನಿಂದ ಜಾರಿ ತಟ್ಟೆಯ ಮೂಲೆಗೆ ಹೋಗಿ ಬಿತ್ತು.

“ಯೇ ಕ್ಯಾ ಹುವಾ?” ಅಮೀನ ಕೂಗಿದ.

“ಕರಗಿತ್ರಿ ಸಾಹೇಬ್ರ,” ಎಂದರು ನಮ್ಮವರು.

“ಇನ್ನೊಂದು ತಗಿ! ಈಗಿಂದೀಗ!”

ಇನ್ನೊಂದು ತೆಗೆದರು. ಮತ್ತೆ ಒಳಗೆ ಬಂದು ತಟ್ಟೆಯ ಮುಂದೆ ಕುಳಿತು, ನನ್ನ ಕಡೆ ತಿರುಗದೆ ಹೇಳಿದರು, “ಸಕ್ಕೂ, ನೀರು ಹಾಕಬೇ. ಆಗ ಹಾಕಿದ್ದ ನೀರು.”

ಈ ಸಲ ನಾನು ತಣ್ಣೀರು ಬೆರೆಸಲಿಲ್ಲ. ಒಂದು ಮುಖವೂ ಬರುವ ಮೊದಲೇ ಎಲ್ಲ ಜಾರಿ ಹೋಯಿತು.

ಅಂಗಳಕ್ಕೆ ಬಂದು ಅಮೀನ ಅವರ ಎದೆಯ ಮೇಲೆ ಬೆತ್ತ ಇಟ್ಟ. “ಖರೆ ಹೇಳು. ಬೇಕಂತ ಕೆಡಿಸಿದಿ, ಇಲ್ಲಾ ನಿನಗ ಕೆಲಸಾನ ಬರೂದಿಲ್ಲ?”

ಉತ್ತರ ಎರಡೇ ಇದ್ದವು. ಒಂದನ್ನು ಹೇಳಿದರೆ ಇಪ್ಪತ್ತಮೂರು ಮನೆ ಹೋಗುತ್ತಿತ್ತು. ಇನ್ನೊಂದನ್ನು ಆ ಮನುಷ್ಯ ಹೇಳುತ್ತಾರೆಂದು, ಅವರ ಜೊತೆ ಬಾಳಿದ ನನಗೂ ನಂಬಿಕೆ ಇರಲಿಲ್ಲ. ಉಪ್ಪು ಹೆಚ್ಚಾಗಿದೆ ಎಂದು ನಾನು ಅವರ ಫೋಟೋದ ಔಷಧದ ಬಗ್ಗೆ ಅಂದರೂ ಮೂರು ದಿನ ಮಾತು ಬಿಡುವವರು ಅವರು.

“ಬರೂದಿಲ್ರಿ ಸಾಹೇಬ್ರ,” ಎಂದರು. “ನನಗ ಕೆಲಸ ಬರೂದಿಲ್ಲ.”

ಅಮೀನ ನಕ್ಕ. ಅವನ ಸಿಟ್ಟು ಅರ್ಧ ಇಳಿಯಿತು, ಆದರೆ ಮೇಲಿನವರಿಗೆ ಲೆಕ್ಕ ಕೊಡಬೇಕಲ್ಲ. ಕಟ್ಟೆಯ ಮೇಲೆ ಕುಳಿತು ಉರ್ದುವಿನಲ್ಲಿ ನಾಲ್ಕು ಸಾಲು ಬರೆದು ಗಟ್ಟಿಯಾಗಿ ಓದಿದ: ಆಳಂದದ ಸೈದಪ್ಪ ಎಂಬ ನಾನು ಈ ಕಸುಬನ್ನು ಸರಿಯಾಗಿ ಕಲಿತವನಲ್ಲ, ನನ್ನ ಅಜ್ಞಾನದಿಂದ ಸರಕಾರಿ ಕೆಲಸ ಕೆಟ್ಟಿದೆ. ಕತ್ತರಿಸಿದ ಚಿತ್ರವನ್ನು ಆ ಕಾಗದಕ್ಕೇ ಸೂಜಿಯಿಂದ ಚುಚ್ಚಿ ಹೈದರಾಬಾದಿಗೆ ಕಳಿಸುತ್ತೇನೆಂದ. ಕಳಿಸಿದ ಕೂಡ. ಆ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಸೆಪ್ಟೆಂಬರ್ ಬಂತು, ನಿಜಾಮನ ಸರಕಾರವೇ ಹೋಯಿತು.

ನಮ್ಮವರು ಆ ಕಾಗದಕ್ಕೆ ಸಹಿ ಮಾಡಿದರು. ಮದುವೆಯ ಫೋಟೋಗಳ ಕೆಳಗೆ ಮಾಡುತ್ತಿದ್ದಂತೆಯೇ, ಅಕ್ಷರ ಅಕ್ಷರ ತಿದ್ದಿ.

ಅಮೀನ ಹೋದ. ನಾನು ತಂಬಿಗೆಯಲ್ಲಿ ಮಜ್ಜಿಗೆ ತಂದು ಕೊಟ್ಟೆ.  ಅವರ ಕಾಲು ಮುಟ್ಟಬೇಕೆನ್ನಿಸಿತು, ಮುಟ್ಟಿದರೆ ಬೈಯುತ್ತಾರೆಂದು ಸುಮ್ಮನೆ ಪಕ್ಕದಲ್ಲಿ ಕುಳಿತೆ. ಅವರು ಮಜ್ಜಿಗೆ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ತಂಬಿಗೆಯನ್ನು ನನ್ನ ಕೈಗಿಟ್ಟರು.

“ಮೊದಲನೇ ಸಲ ನಿನ್ನ ನೀರು ಸಾಲಲಿಲ್ಲ. ಇನ್ನಷ್ಟು ಬಿಸಿ ಇದ್ದಿದ್ರ ಆ ಕಿವಿ ಬರೂ ಮೊದಲ ಕರಗತಿತ್ತು,” ಎಂದರು. “ಎರಡನೇದ್ದು ಸರಿ ಇತ್ತು ನೋಡು.”